ಕೆನ್ನೆಯ ಮೇಲಿನ ಗೆರೆ

ಸುಮಿನಾ ನಮ್ಮ ಸಾಲಿನ ಫೋಟೋ ಅಂಗಡಿಗೆ ಕೆಲಸ ಕಲಿಯಲು ಬಂದಾಗ ನಲವತ್ತರ ಹತ್ತಿರದ ಹೆಂಗಸು. ಅಲ್ಲಿಗೆ ಕಲಿಯಲು ಬರುವವರೆಂದರೆ ಆಗಷ್ಟೇ ಶಾಲೆ ಬಿಟ್ಟ ಹುಡುಗ ಹುಡುಗಿಯರು; ಅವರ ನಡುವೆ ಈಕೆ ಯಾರದೋ ಚಿಕ್ಕಮ್ಮ ಬಂದು ಕೂತಂತೆ ಕಾಣುತ್ತಿದ್ದಳು. ನನ್ನ ಹೊಲಿಗೆ ಅಂಗಡಿಗೂ ಆ ಫೋಟೋ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಕಣ್ಣಾರೆ ಕಂಡದ್ದು, ಉಳಿದದ್ದು ಕಿವಿಯಾರೆ ಕೇಳಿದ್ದು. ಈ ಅಬ್ರಫಿ ಕದ್ದು ಕೇಳುತ್ತಾಳೆ ಎಂದು ಯಾರಾದರೂ ನನಗೆ ಅಂದರೆ, ಆ ಹಲಗೆ ಹೊಡೆದ ಬಡಗಿಯನ್ನು ಹೋಗಿ ಕೇಳಿ ಎನ್ನುತ್ತೇನೆ.

ಅದಕ್ಕೂ ಮೊದಲು ಸುಮಿನಾ ಟೆಚಿಮಾನ್ ಊರಿನ ಲಾರಿ ನಿಲ್ದಾಣದಲ್ಲಿ ಬ್ರೆಡ್ ಮಾರುತ್ತಿದ್ದಳು. ಗಾಜಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಹೊರಟ ಬಸ್ಸಿನ ಪಕ್ಕದಲ್ಲೇ ಓಡುತ್ತ, ಒಂದು ಕೈಯಿಂದ ಬ್ರೆಡ್ ಒಳಗೆ ತಳ್ಳಿ ಇನ್ನೊಂದು ಕೈಯಿಂದ ಚಿಲ್ಲರೆ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ದಿನ ಹಿಂದಕ್ಕೆ ಬಂದ ಬಸ್ಸೊಂದು ತಗುಲಿ ಪೆಟ್ಟಿಗೆ ಸಮೇತ ಬಿದ್ದಳು. ಕತ್ತಿಗೆ ಪೆಟ್ಟಾಯಿತು. ಇನ್ನು ಮೇಲೆ ತಲೆಯ ಮೇಲೆ ಒಂದು ತೆಂಗಿನಕಾಯಿಯನ್ನೂ ಹೊರಬೇಡ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದರು. ನಮ್ಮ ಊರಲ್ಲಿ ಹೆಚ್ಚು ಓದಿಲ್ಲದ ಹೆಂಗಸು ತಲೆ ಮೇಲೆ ಹೊರದೆ ಬದುಕುವುದು ಹೇಗೆ? ಮನೆಯಲ್ಲಿ ವಯಸ್ಸಾದ ತಾಯಿ, ಮಾಮೆ ಫೊಸುವಾ. ಗಂಡ ಕೆಲಸ ಹುಡುಕಿ ಗಡಿ ದಾಟಿ ಹೋದವನು ಅತ್ತಲೇ ಹೋದ. ಬರಲಿ ಎಂದು ಇವಳೂ ಕಾಯಲಿಲ್ಲ. ನನ್ನ ಹತ್ತಿರ ಹೊಲಿಗೆ ಕಲಿ ಬಾ ಎಂದೆ. ಎರಡು ದಿನ ಬಂದಳು. ಮಿಷನ್ನಿನ ಮುಂದೆ ತಲೆ ಬಗ್ಗಿಸಿದರೆ ಕತ್ತು ಹಿಡಿದುಕೊಳ್ಳುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತು ಕೆಲಸ ಮಾಡುತ್ತಿದ್ದವರನ್ನು ನೋಡಿ, "ಆಂಟಿ, ನನಗೆ ಉಳಿದಿರೋದು ಅದೊಂದೇ" ಎಂದಳು. ಅದು ನಿಜವೇ ಆಗಿತ್ತು.

ಅವಳ ಹೆಸರಿನ ವಿಚಾರವನ್ನೂ ಹೇಳಬೇಕು. ಸುಮಿನಾ ಎಂದರೆ ತಿಪ್ಪೆ. ಹೆತ್ತ ಮಕ್ಕಳು ಒಂದರ ಹಿಂದೊಂದು ತೀರಿ ಹೋಗುತ್ತಿದ್ದರೆ, ಅದೇ ಕೂಸು ಮತ್ತೆ ಮತ್ತೆ ಬಂದು ತಾಯಿಯನ್ನು ಆಟವಾಡಿಸಿ ಹೋಗುತ್ತಿದೆ ಎಂದು ನಮ್ಮವರ ನಂಬಿಕೆ. ಅದಕ್ಕೆ ಮುಂದಿನ ಕೂಸಿಗೆ ಇಂಥ ಹೊಲಸು ಹೆಸರಿಟ್ಟು, ಕೆನ್ನೆಯ ಮೇಲೆ ಕ್ಷೌರದ ಕತ್ತಿಯಿಂದ ಒಂದು ಗೆರೆ ಎಳೆಸುತ್ತಾರೆ. ಆಚೆ ಲೋಕದಲ್ಲೂ ಆ ಕೂಸಿಗೊಬ್ಬ ತಾಯಿ ಇದ್ದಾಳಂತೆ. ಅಂದಗೆಟ್ಟದ್ದು ನನಗೆ ಬೇಡ ಎಂದು ಅವಳು ಕೈಬಿಟ್ಟರೆ ಈಚೆಯವಳಿಗೆ ಉಳಿಯುತ್ತದೆ. ಸುಮಿನಾ ಉಳಿದಳು. ಉಳಿದದ್ದಕ್ಕೆ ಅವಳಿಗೆ ಖುಷಿಯಿದ್ದದ್ದನ್ನು ನಾನಂತೂ ಕಾಣೆ. ಶಾಲೆಯಲ್ಲಿ ಮಕ್ಕಳು ಬಾಳೆಹಣ್ಣಿನ ಸಿಪ್ಪೆ ತಂದು ಅವಳ ಮಡಿಲಿಗೆ ಹಾಕಿ ನಗುತ್ತಿದ್ದರಂತೆ. ದೊಡ್ಡವಳಾದ ಮೇಲೆ ಎಡಗೆನ್ನೆಯ ಗೆರೆ ಮುಚ್ಚುವಷ್ಟು ಪೌಡರ್ ಮೆತ್ತಿಕೊಳ್ಳದೆ ಬಾಗಿಲು ದಾಟಿದವಳಲ್ಲ. ಒಂದು ಸಲ ನನ್ನೆದುರಿಗೇ ತಾಯಿಗೆ, "ಕಸದ ಹೆಸರಿಟ್ಟೆ, ಅದು ಸಾಲದು ಅಂತ ಮುಖಾನೂ ಕೆತ್ತಿಸಿದೆ" ಎಂದುಬಿಟ್ಟಳು. ಮಾಮೆ ಫೊಸುವಾ ಕಡಲೆಕಾಯಿ ಸುಲಿಯುತ್ತ ಕೂತಿದ್ದವಳು ತಲೆ ಎತ್ತಲಿಲ್ಲ. ನನಗೆ ಸಿಟ್ಟು ಬಂತು, ಆದರೆ ತಾಯಿ ಮಗಳ ನಡುವೆ ಬಾಯಿ ಹಾಕುವವಳು ನಾನ್ಯಾರು?

ಫೋಟೋ ಅಂಗಡಿಯ ಯಜಮಾನ ತವಿಯಾ. ಕಲಿಯುವವರಿಗೆಲ್ಲ ಮಾಸ್ಟರ್. ಉದ್ದನೆಯ ಒಣಕಲು ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ಅಂಗಡಿಯ ಮೇಲೆ 'ದೇವರ ಹೊತ್ತೇ ಸರಿಯಾದ ಹೊತ್ತು ಫೋಟೋಸ್' ಎಂದು ಬೋರ್ಡು. ಹೇಳಿದ ದಿನ ಫೋಟೋ ಸಿಗದೆ ಜಗಳಕ್ಕೆ ಬಂದ ಗಿರಾಕಿಗಳಿಗೆ ಆ ಬೋರ್ಡನ್ನೇ ತೋರಿಸುತ್ತಿದ್ದ. ಆದರೆ ಕೆಲಸ ಬಲ್ಲವನು. ನಮ್ಮಲ್ಲಿ ಸಾವಿನ ಬ್ಯಾನರು, ಮದುವೆಯ ಬ್ಯಾನರು, ಚರ್ಚಿನ ಕ್ಯಾಲೆಂಡರು ಯಾವುದಕ್ಕೂ ಮುಖ ನುಣುಪಾಗಿರಬೇಕು. ಮುಖದ ಕಲೆ ತೆಗೆಸಲು ಸುತ್ತಲಿನ ಊರುಗಳಿಂದ ಅವನಲ್ಲಿಗೇ ಬರುತ್ತಿದ್ದರು.

ಮೊದಲ ದಿನ ಸುಮಿನಾ ಕೂತ ಕೂಡಲೇ ಮೌಸಿಗೆ ಕೈ ಹಾಕಿದಳು.

"ಮುಟ್ಬೇಡ. ಮೊದ್ಲು ನೋಡು."

"ಏನು ನೋಡ್ಲಿ ಮಾಸ್ಟರ್?"

"ಮುಖ ಕಣಮ್ಮ, ಮುಖ! ಅಷ್ಟು ವರ್ಷ ಬ್ರೆಡ್ ಮಾರಿದ್ದೀಯ, ಗಿರಾಕಿ ಮುಖ ನೋಡ್ತಿರ್ಲಿಲ್ವಾ?"

"ಇಲ್ಲ ಮಾಸ್ಟರ್. ಕೈ ನೋಡ್ತಿದ್ದೆ. ದುಡ್ಡು ಅಲ್ಲಿರ್ತಿತ್ತು."

ಹಲಗೆಯ ಈಚೆ ನಾನು ಹಲ್ಲಲ್ಲಿ ಹಿಡಿದಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ. ಮಾಸ್ಟರ್ ನಗಲಿಲ್ಲ. ಒಂದು ವಾರ ಅವಳಿಂದ ಬರೀ ಮುಖ ನೋಡಿಸಿದ. ಆಮೇಲೆ ಪಾಠ ಶುರುವಾಯಿತು. ದುಂಡನೆಯ ಬ್ರಷ್ಷು ಮೊಡವೆಗಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು, ಅದಕ್ಕಿಂತ ಹೆಚ್ಚಿದ್ದರೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಪಕ್ಕದ ಚರ್ಮದಿಂದಲೇ ತೇಪೆ ತೆಗೆಯಬೇಕು. ಹಣೆಯದ್ದನ್ನು ತಂದು ಕೆನ್ನೆಗೆ ಹಾಕಿದರೆ ಬಣ್ಣ ಸೇರುವುದಿಲ್ಲ. ಹತ್ತಿರ ಹೋಗಿ ಒಂದು ಕಲೆ ತೆಗೆದ ಮೇಲೆ ದೂರ ಬಂದು ಇಡೀ ಮುಖ ನೋಡಬೇಕು. ಎಲ್ಲಕ್ಕಿಂತ ಮೊದಲು ಫೋಟೋದ ಒಂದು ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆ ಕೆಲಸ ಮಾಡಬೇಕು, ಮೂಲವನ್ನು ಮುಟ್ಟಬಾರದು. ಇದನ್ನಂತೂ ಅವನು ಹೇಳಿ ಹೇಳಿ ನನಗೇ ಬಾಯಿಪಾಠವಾಗಿತ್ತು.

ಇನ್ನೊಂದು ಮಾತನ್ನೂ ದಿನಾ ಹೇಳುತ್ತಿದ್ದ. "ಮೊಡವೆ, ಬೆವರುಸಾಲೆ, ಸೊಳ್ಳೆ ಕಚ್ಚಿದ್ದು, ಇವೆಲ್ಲ ನಾಳೆ ನಾಡಿದ್ದು ತಾವೇ ಹೋಗ್ತವೆ. ಕೇಳೋದೇನೂ ಬೇಡ, ತೆಗೆದುಬಿಡು. ಮಚ್ಚೆ, ಹಳೇ ಗಾಯ, ಕೆನ್ನೆ ಗೆರೆ, ಇವು ಆ ಮನುಷ್ಯನ ಜೊತೆ ಬಂದಿರೋವು. ಮುಟ್ಟೋ ಮುಂಚೆ ಕೇಳು."

"ಯಾರನ್ನ ಕೇಳೋದು?"

"ಮುಖ ಯಾರದೋ ಅವರನ್ನ. ಅವರಿಲ್ದಿದ್ರೆ ಮನೆಯವರನ್ನ. ನನ್ನನ್ನ ಕೇಳ್ಬೇಡ, ಹಲಗೆ ಆಚೆ ಕೂತಿರೋಳನ್ನೂ ಕೇಳ್ಬೇಡ."

ಕಲಿಯುವವರೆಲ್ಲ ಮಾಡುವ ತಪ್ಪನ್ನೇ ಸುಮಿನಾ ಮೊದಮೊದಲು ಮಾಡಿದಳು. ಕೈಗೆ ಬ್ರಷ್ಷು ಸಿಕ್ಕ ಮೇಲೆ ನಿಲ್ಲಿಸುವುದು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಅವಳ ಕೈಯಲ್ಲಿ ಪ್ರತಿ ಮುಖವೂ ಬೇಯಿಸಿ ಸುಲಿದ ಮೊಟ್ಟೆಯಂತಾಗಿ ಹೊರಬರುತ್ತಿತ್ತು. ಚರ್ಚಿನ ಕ್ಯಾಲೆಂಡರಿಗೆ ಪಾದ್ರಿಯವರ ಫೋಟೋ ತಿದ್ದಿದಳು, ಹಣೆಯ ಒಂದು ಸುಕ್ಕನ್ನೂ ಬಿಡಲಿಲ್ಲ. ಪಾದ್ರಿಯವರ ಹೆಂಡತಿ ಕ್ಯಾಲೆಂಡರ್ ಹಿಡಿದು ಅಂಗಡಿಗೆ ಬಂದರು.

"ಈ ಹುಡುಗ ಯಾರು?"

"ಪಾದ್ರಿಯವರೇ ಅಮ್ಮಾ."

"ಈ ಸುಕ್ಕೆಲ್ಲ ಬರೋಕೆ ನಾನು ಎಷ್ಟು ವರ್ಷ ಅವರ ಜೊತೆ ಜಗಳ ಆಡಿದ್ದೀನಿ ಗೊತ್ತಾ? ಒಂದೇ ಬೆಳಗ್ಗೆಯಲ್ಲಿ ಒರೆಸಿ ಹಾಕಿದ್ದೀಯಲ್ಲೇ!"

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸುಮಿನಾಳೂ ನಕ್ಕಳು. ಅಂದಿನಿಂದ ಸುಕ್ಕಿನ ಮೇಲೆ ಅವಳ ಕೈ ಹಗುರಾಯಿತು. ದಿನ ಕಳೆದಂತೆ ಕೆಲಸ ಹದಕ್ಕೆ ಬಂತು. ಮೊಡವೆ ಹೋಗುತ್ತಿತ್ತು, ಚರ್ಮದ ರಂಧ್ರಗಳು ಇದ್ದ ಹಾಗೇ ಉಳಿಯುತ್ತಿದ್ದವು. ಎದುರಿಗೆ ಹೊಗಳದ ಮಾಸ್ಟರ್ ಒಂದು ದಿನ ನನ್ನ ಅಂಗಡಿಗೆ ಬಂದು, "ಆ ನಿನ್ನ ಬ್ರೆಡ್ಡಿನವಳು ಪರವಾಗಿಲ್ಲ" ಎಂದು ಹೇಳಿ ಹೋದ. ಅವನ ಬಾಯಿಂದ ಅಷ್ಟು ಬಂದರೆ ಅದು ಪದಕವೇ.

ಅಂಥ ಹೊತ್ತಿನಲ್ಲಿ ಯಾಮ್ ಗೆಡ್ಡೆಯ ಮಾರುಕಟ್ಟೆಗೆಲ್ಲ ದೊಡ್ಡವರಾಗಿದ್ದ ಪೊಕುವಾ ತೀರಿಕೊಂಡರು. ನಾಲ್ಕು ಜಿಲ್ಲೆಯ ಲಾರಿಗಳು ಆ ಅಜ್ಜಿಯ ಮಾತಿಗೆ ನಿಲ್ಲುತ್ತಿದ್ದವು, ಹೊರಡುತ್ತಿದ್ದವು. ಹಿರಿಯರಿಗೆ ಕೊಡುವ ಗೌರವದಿಂದ ಊರೆಲ್ಲ ಅವರನ್ನು ನಾನಾ ಪೊಕುವಾ ಎಂದೇ ಕರೆಯುತ್ತಿತ್ತು. ಕುಟುಂಬದ ಯಜಮಾನ ಒಪಾನಿನ್ ಸಾಫೊ ಬಂದು, ಮೊಮ್ಮಗನ ಫೋನಿನಿಂದ ತೆಗೆದ ಮೆಮೊರಿ ಕಾರ್ಡೊಂದನ್ನು ಮಾಸ್ಟರ್ ಕೈಗಿಟ್ಟರು. ಹತ್ತಿರದಿಂದ ಸ್ಪಷ್ಟವಾಗಿ ತೆಗೆದ ಫೋಟೋ ಅದೊಂದೇ. ಅಜ್ಜಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಫೋನು ಆಮೇಲೆ ಬಾವಿಗೆ ಬಿದ್ದಿತ್ತು. ಶನಿವಾರದ ಅಂತ್ಯಕ್ರಿಯೆಗೆ ಆಳೆತ್ತರದ ಬ್ಯಾನರ್ ಬೇಕಾಗಿತ್ತು.

ಮಾಸ್ಟರಿಗೆ ಅಂದೇ ಅಚ್ಚಿನ ಬಣ್ಣ ತರಲು ಕುಮಾಸಿ ಪಟ್ಟಣಕ್ಕೆ ಹೋಗಬೇಕಿತ್ತು. ಕಾರ್ಡನ್ನು ಸುಮಿನಾಳಿಗೆ ಕೊಟ್ಟ.

"ಇದನ್ನ ನೀನೇ ಮಾಡು. ಚೆನ್ನಾಗಿ ಬಂದ್ರೆ ಈ ವರ್ಷವೇ ನಿನ್ನ ತಲೆ ಮೇಲೆ ಪೌಡರ್ ಸುರಿಸ್ತೀನಿ."

ಕಲಿಕೆ ಮುಗಿದವರ ತಲೆಗೆ ಬಿಳಿ ಪೌಡರ್ ಸುರಿದು, ಬೀದಿಯಲ್ಲಿ ಕುಣಿಸಿ ಕಳಿಸುವುದು ನಮ್ಮ ಪದ್ಧತಿ. ಅದಾದ ಮೇಲೆಯೇ ಸ್ವಂತ ಅಂಗಡಿ. ಸುಮಿನಾ ನನ್ನ ಬಾಗಿಲಿಗೆ ಓಡಿ ಬಂದು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಅವಳಿಗೆ ಈ ಕೆಲಸ ಕೈಗೆ ಹತ್ತದಿದ್ದರೆ ಬೇರೆ ದಾರಿ ಇರಲಿಲ್ಲ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು.

ನಾನಾ ಪೊಕುವಾ ಅವರ ಎಡಗೆನ್ನೆಯ ಮೇಲೂ ಗೆರೆಯಿತ್ತು. ಸುಮಿನಾ ಅದನ್ನು ತೆಗೆದಳು. ಗೊತ್ತಿಲ್ಲದೆ ಅಲ್ಲ, ಪ್ರೀತಿಯಿಂದಲೇ ತೆಗೆದಳು. ಬದುಕಿದ್ದಷ್ಟು ದಿನ ಆ ಹೆಂಗಸು ಹೊತ್ತುಕೊಂಡಿದ್ದ ಅಸಹ್ಯವನ್ನು ಕೊನೆಗಾದರೂ ಇಳಿಸುತ್ತೇನೆ ಎಂದುಕೊಂಡಳು. ಯಾರನ್ನೂ ಕೇಳಲಿಲ್ಲ. ಆತುರದಲ್ಲಿ ಇನ್ನೊಂದು ಎಡವಟ್ಟನ್ನೂ ಮಾಡಿದಳು. ಫೋಟೋವನ್ನು ಕಾರ್ಡಿನಲ್ಲೇ ತೆರೆದು, ಅದರ ಮೇಲೆಯೇ ತಿದ್ದಿ, ಅಲ್ಲೇ ಉಳಿಸಿಬಿಟ್ಟಳು. ಪ್ರತಿ ಮಾಡಲಿಲ್ಲ. ಮೂಲ ಹೋಯಿತು.

ಗುರುವಾರ ಬೆಳಗ್ಗೆ ಬ್ಯಾನರ್ ಅಚ್ಚಾಗಿ ಬಂತು. ಅದನ್ನು ಸುರುಳಿ ಸುತ್ತಿ ಇಬ್ಬರೂ ಅಜ್ಜಿಯ ಮನೆಗೆ ಒಯ್ದೆವು. ಸುರುಳಿ ಭಾರವಾಗಿತ್ತು, ಅವಳು ಹೊರುವಂತಿರಲಿಲ್ಲ, ನಾನೇ ಹೊತ್ತೆ. ಅಂಗಳದಲ್ಲಿ ಕೆಂಪು ಕಪ್ಪು ಬಟ್ಟೆಯ ಜನ ತುಂಬಿದ್ದರು. ಬ್ಯಾನರ್ ಬಿಡಿಸಿದೆವು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಯಾರಿದು?" ಎಂದರು ಒಪಾನಿನ್ ಸಾಫೊ.

ಅಜ್ಜಿಯ ಅಕ್ಕ ನಾನಾ ಅಜೇವಾ ಒಳಗಿನಿಂದ ಕೋಲೂರಿಕೊಂಡು ಬಂದರು. ತೊಂಬತ್ತು ದಾಟಿದ ಜೀವ, ಕಣ್ಣಿಗೆ ಪೊರೆ. ಮೂಗು ತಾಗುವಷ್ಟು ಹತ್ತಿರ ಹೋಗಿ ಎಡಗೆನ್ನೆಯನ್ನು ಹುಡುಕಿದರು. ಆಮೇಲೆ ನಿಧಾನಕ್ಕೆ ಹಿಂದೆ ಸರಿದರು.

"ಇದು ಪೊಕುವಾ ಅಲ್ಲ. ಇದು ಪೊಕುವಾಗಿಂತ ಮುಂಚೆ ಹೋದ ಕೂಸು, ಗೆರೆ ಇಲ್ಲದ್ದು. ಅದನ್ನ ಯಾಕೆ ಮನೆಗೆ ಕರ್ಕೊಂಡು ಬಂದ್ರಿ?"

ಒಬ್ಬಳು ಚೀರಿದಳು. ಇನ್ನೊಬ್ಬಳು ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ನಾವು ಬ್ಯಾನರನ್ನು ಹೇಗೋ ಮುದುರಿಕೊಂಡು ಹೊರಗೆ ಬಂದೆವು.

ಅಂಗಡಿಯಲ್ಲಿ ಮಾಸ್ಟರ್ ಕೂಗಾಡಿದ್ದಕ್ಕೆ ಹಲಗೆ ಗೋಡೆಯೇ ಬೇಕಿರಲಿಲ್ಲ, ಇಡೀ ಸಾಲಿಗೆ ಕೇಳಿಸಿತು.

"ಕೇಳು ಅಂತ ಹೇಳಿದ್ನೋ ಇಲ್ವೋ?"

"ಹೇಳಿದ್ರಿ ಮಾಸ್ಟರ್."

"ಮತ್ತೆ?"

"ಅವರ ಜಾಗದಲ್ಲಿ ನಾನಿದ್ದಿದ್ರೆ ಕೈ ಮುಗೀತಿದ್ದೆ ಅನ್ನಿಸ್ತು."

"ಅವರ ಮುಖ ತಿದ್ದಿಲ್ಲ ಕಣೇ ನೀನು. ನಿನ್ನ ಮುಖ ತಿದ್ಕೊಂಡಿದ್ದೀಯ. ಮೂಲ ಎಲ್ಲಿ?"

ಸುಮಿನಾ ಕಾರ್ಡನ್ನು ಮೇಜಿನ ಮೇಲಿಟ್ಟಳು. ಅವನಿಗೆ ಅರ್ಥವಾಯಿತು. ಕೂಗು ನಿಂತಿತು, ಅದು ಇನ್ನೂ ಕೆಟ್ಟದಾಗಿತ್ತು. ಬೇರೆ ಫೋಟೋಗಳೆಲ್ಲ ಮದುವೆ ನಾಮಕರಣದ ಗುಂಪಿನವು. ಅವುಗಳಲ್ಲಿ ಅಜ್ಜಿಯ ಮುಖ ಕಡಲೆಬೀಜದಷ್ಟು, ಗೆರೆ ಕಾಣುವುದೇ ಇಲ್ಲ.

"ನೋಡು ಸುಮಿನಾ," ಎಂದ ಕೊನೆಗೆ, ತಣ್ಣಗೆ. "ಶನಿವಾರ ಆ ಮನೆಯವರು ಬ್ಯಾನರ್ ನೋಡಿ ಇದು ನಮ್ಮಮ್ಮ ಅಂದ್ರೆ ನೀನು ಒಳಗೆ. ಅನ್ನದಿದ್ರೆ ಈ ಬಾಗಿಲ ಕಡೆ ಬರ್ಬೇಡ. ನಿನ್ನಂಥವಳನ್ನ ಇಟ್ಕೊಂಡ್ರೆ ನನ್ನ ಹತ್ರ ಯಾರೂ ಮುಖ ಕೊಡಲ್ಲ."

ನನಗೆ ಅವನ ಮೇಲೆ ಕೆಂಡದಂಥ ಕೋಪ ಬಂತು. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಇನ್ನೂ ಕೋಪ.

ನಮ್ಮಲ್ಲಿ ತಪ್ಪು ಮಾಡಿದವರು ತಾವೇ ಹೋಗಿ ಕ್ಷಮೆ ಕೇಳುವಂತಿಲ್ಲ. ಅವರ ಪರವಾಗಿ ಬೇರೆಯವರು ಹೋಗಿ ಬೇಡಬೇಕು. ಮಧ್ಯಾಹ್ನ ನಾನು ಒಳ್ಳೆಯ ಬಟ್ಟೆ ಉಟ್ಟು, ಹಿರಿಯರ ಮುಂದಿಡಲು ಒಂದು ಬಾಟಲಿ ಶ್ನಾಪ್ಸ್ ಸಾರಾಯಿ ಕೊಂಡು ಹೊರಟೆ. ಸುಮಿನಾ ನನ್ನ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು. ನಾನು ನಾಲಗೆ ಉದ್ದದವಳೆಂದು ಹೆಸರಾದವಳು. ಆ ಅಂಗಳದಲ್ಲಿ ಕೂತಾಗ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಹೇಗೋ ಹೇಳಿ ಮುಗಿಸಿದೆ. ಕಲಿಯುವವಳು, ಕೆಡುಕು ಬಗೆದು ಮಾಡಿದ್ದಲ್ಲ, ಹೊಟ್ಟೆಗೆ ಹಾಕ್ಕೊಳ್ಳಿ ಎಂದೆ.

ಒಪಾನಿನ್ ಸಾಫೊ ಬಾಟಲಿಯನ್ನು ಮುಟ್ಟಲಿಲ್ಲ. "ಕಲಿಯೋಕೆ ನಮ್ಮ ಮುಖವೇ ಬೇಕಾಗಿತ್ತಾ?" ಎಂದರು.

ನಾನಾ ಅಜೇವಾ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು. "ಅವಳನ್ನ ಇಲ್ಲಿ ಕರಿ. ಹತ್ರ ಬಾ ಮಗಾ."

ಸುಮಿನಾ ಅವರ ಮುಂದೆ ಮಂಡಿಯೂರಿದಳು. ನಾನಾ ಅಜೇವಾ ಕಣ್ಣಿಗಿಂತ ಬೆರಳನ್ನೇ ನಂಬಿದವರು. ಅವಳ ಮುಖವನ್ನು ಸವರಿ, ಎಡಗೆನ್ನೆಯ ಮೇಲೆ ಬೆರಳು ನಿಲ್ಲಿಸಿ, ಮೂಸಿ ನೋಡಿದರು.

"ಏನಿದು, ಹಿಟ್ಟಾ?"

"ಪೌಡರ್, ನಾನಾ."

"ಕೆಳಗೇನಿದೆ ಅಂತ ನನಗೆ ಗೊತ್ತಾಯ್ತು. ಹೆಸರೇನು?"

ಸುಮಿನಾ ಮುಖ ಕೆಳಗೆ ಹಾಕಿದಳು. ನಾನೇ ಹೇಳಿದೆ.

ನಾನಾ ಅಜೇವಾ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು ಮನಸಾರೆ ನಕ್ಕರು. ಸಾವಿನ ಮನೆಯಲ್ಲಿ ಹಾಗೆ ನಗುವ ಹಕ್ಕು ಅಷ್ಟು ವಯಸ್ಸಾದವರಿಗೆ ಮಾತ್ರ ಇರುತ್ತದೆ. "ತಿಪ್ಪೇನಾ? ನಮ್ಮ ಪೊಕುವಾಗೆ ಅಮ್ಮ ಇಟ್ಟ ಹೆಸರು ಡೊಂಕೊ. ಸಂತೇಲಿ ಕೊಂಡ ಆಳು ಅಂತ. ಮಾರ್ಕೆಟ್ಟಿಗೆಲ್ಲ ದೊಡ್ಡವಳಾದ ಮೇಲೆ ಹಾಗೆ ಕರೆಯೋ ಧೈರ್ಯ ಇದ್ದದ್ದು ನನಗೊಬ್ಬಳಿಗೇ. ಗೆರೆ ಹಾಕ್ಸಿದ ದಿನ ಕಾಲು ಹಿಡ್ಕೊಂಡಿದ್ದವಳು ನಾನು. ಅವಳಿಗಿಂತ ಮುಂಚೆ ಹೋದವು ಅಳ್ತಾನೂ ಇರ್ಲಿಲ್ಲ, ಮೆತ್ತಗೆ ಹೋಗ್ಬಿಡ್ತಿದ್ವು. ಇವಳು ಊರು ಹಾರಿಹೋಗೋ ಹಾಗೆ ಕಿರುಚಿದ್ಲು. ನಮ್ಮಮ್ಮ ಆವತ್ತು ಗಂಜಿ ಕುಡಿದ್ಲು. ಇದು ಉಳಿಯತ್ತೆ ಅಂದ್ಲು."

ನಾನಾ ಅಜೇವಾ ಸುಮಿನಾಳ ಗಲ್ಲ ಹಿಡಿದು ಮೇಲಕ್ಕೆತ್ತಿದರು.

"ಗೆರೆ ವಾಪಸ್ ಹಾಕೋಕಾಗತ್ತಾ?"

"ಮೂಲ ಹೋಯ್ತು, ನಾನಾ. ಕೈಯಲ್ಲಿ ಬರೆದ್ರೆ ಸುಣ್ಣ ಬಳಿದ ಹಾಗೆ ಕಾಣತ್ತೆ. ಚರ್ಮದ ಗೆರೆ ಚರ್ಮದಿಂದಲೇ ತರಬೇಕು."

"ಹಾಗಾದ್ರೆ ನಿನ್ನದನ್ನ ಕೊಡು."

ಒಪಾನಿನ್ ಸಾಫೊ ಎದ್ದು ನಿಂತುಬಿಟ್ಟರು. "ನಾನಾ! ಕಂಡವರ ಕೆನ್ನೆ ತಂದು ನಮ್ಮಮ್ಮನ ಮುಖಕ್ಕಾ?"

"ಕೂತ್ಕೊ ಸಾಫೊ. ನಿನ್ನ ಮುಖ ನುಣ್ಣಗಿದೆ, ನಿನಗೇನು ಗೊತ್ತು? ನಮ್ಮಮ್ಮ ಅತ್ತಿದ್ದಕ್ಕೂ ಇವಳಮ್ಮ ಅತ್ತಿದ್ದಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ? ಗೆರೆ ಇಲ್ಲದ ಕೆನ್ನೆ ಇಟ್ಟು ಅವಳನ್ನ ಕಳಿಸಿದ್ರೆ ನಾನಂತೂ ಆ ಜಾಗಕ್ಕೆ ಬರಲ್ಲ."

ಯಜಮಾನರು ಕೂತರು. ಸ್ವಲ್ಪ ಹೊತ್ತಿನ ಮೇಲೆ ಬಾಟಲಿಯ ಬಿರಡೆ ತೆಗೆದರು. ಬಾಟಲಿ ತೆರೆದರೆ ಕ್ಷಮಿಸಿದಂತೆ.

ಶುಕ್ರವಾರ ಬೆಳಗ್ಗೆ ಮನೆಯವರು ನಾನಾ ಅಜೇವಾ ಅವರನ್ನೇ ಕಾರಿನಲ್ಲಿ ಅಂಗಡಿಗೆ ಕರೆತಂದರು. ನಾನು ನನ್ನ ಅಂಗಡಿ ಮುಚ್ಚಿ ಹೋಗಿ ಕೂತೆ. ಅಂಥ ದಿನ ಹಲಗೆಯ ಈಚೆ ಕೂತು ಹೊಲಿಯಲು ನನ್ನಿಂದಾಗುತ್ತಿರಲಿಲ್ಲ. ಸುಮಿನಾ ಹಿತ್ತಲಿಗೆ ಹೋಗಿ ಸೋಪು ಹಾಕಿ ಮುಖ ತೊಳೆದು ಬಂದಳು. ಪೌಡರಿಲ್ಲದ ಅವಳ ಕೆನ್ನೆಯನ್ನು ನಾನೇ ಅಷ್ಟು ವರ್ಷದಲ್ಲಿ ಸರಿಯಾಗಿ ನೋಡಿರಲಿಲ್ಲ. ಮಾಸ್ಟರ್ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಪೊಕುವಾ ಅಜ್ಜಿಯ ಫೋಟೋದಲ್ಲಿ ಬೆಳಕು ಬಿದ್ದಿದ್ದ ಕಡೆಯಿಂದಲೇ ಬೀಳುವಂತೆ ಅವಳ ಗಲ್ಲ ತಿರುಗಿಸಿ, ಕೆನ್ನೆಯ ಹತ್ತಿರಕ್ಕೆ ಕ್ಯಾಮೆರಾ ತಂದ. ಎಂದೂ ಬೈಯದೆ ಕೆಲಸ ಮಾಡದವನು ಅಂದು ಪಿಸುದನಿಯಲ್ಲಿ, "ಅಲ್ಲಾಡ್ಬೇಡಮ್ಮ" ಎಂದ.

ಪರದೆಯ ತುಂಬ ಆ ಗೆರೆ ಬಂತು. ಕಣ್ಣ ಕೆಳಗಿನಿಂದ ನೆಟ್ಟಗೆ ಇಳಿದು, ಕೊನೆಯಲ್ಲಿ ಸ್ವಲ್ಪ ಬಾಯಿಯ ಕಡೆಗೆ ಕೊಂಕಿತ್ತು. ಸುಮಿನಾ ಮೌಸ್ ಹಿಡಿಯದೆ ನೋಡುತ್ತ ಕೂತಳು.

"ಏನು ನೋಡ್ತಿದ್ದೀಯ?" ಎಂದ ಮಾಸ್ಟರ್.

"ಇಷ್ಟೇನಾ ಇ‍ದು?" ಎಂದಳು ಅವಳು. "ನಾನು ಇನ್ನೂ ಏನೋ ಅಂದ್ಕೊಂಡಿದ್ದೆ."

ಆಮೇಲೆ ಕೆಲಸಕ್ಕೆ ಕೂತಳು. ಮೊದಲು ಅಜ್ಜಿಯ ಫೋಟೋದ ಪ್ರತಿ ಮಾಡಿದಳು. ಮಾಸ್ಟರ್ ಕೆಮ್ಮಿದ. ಗೆರೆಯನ್ನು ಸುತ್ತಲಿನ ಚರ್ಮದ ಸಮೇತ ಎತ್ತಿ ತಂದು ಅಜ್ಜಿಯ ಕೆನ್ನೆಗಿಟ್ಟಳು. ಸುಮಿನಾಳ ಚರ್ಮ ನಸು ಕೆಂಪು, ಅಜ್ಜಿಯದು ಕಡುಗಪ್ಪು, ಬಣ್ಣ ಹೊಂದಿಸಿದಳು. ಅಂಚನ್ನು ಕರಗಿಸಿದಳು. ಅದೃಷ್ಟಕ್ಕೆ ಅಜ್ಜಿಯ ಸುಕ್ಕುಗಳಿಗೆ ಅವಳು ಕೈ ಹಚ್ಚಿರಲಿಲ್ಲ. ಆ ಸುಕ್ಕುಗಳ ನಡುವೆ ಗೆರೆ ಕೂರಬೇಕಿತ್ತು. ನಾನಾ ಅಜೇವಾ ಪಕ್ಕದ ಕುರ್ಚಿಯಲ್ಲಿ ಕೂತು, ಪರದೆಗೆ ಮೂಗು ಹಚ್ಚಿ, ಯಾಮ್ ಗೆಡ್ಡೆ ಆರಿಸುವವರ ಹಾಗೆ ಗದರುತ್ತಿದ್ದರು.

"ಕೆಳಗೆ. ಇನ್ನೂ ಕೆಳಗೆ. ಕಣ್ಣಿಗೆ ಚುಚ್ಚತ್ತೆ ಅದು."

"ಇಲ್ಲಿ ಸರಿಯಾ ನಾನಾ?"

"ಕಿವಿ ಕಡೆಗೆ ಒಂಚೂರು. ಹಾಂ, ಸಾಕು, ಸಾಕು. ಅಷ್ಟು ಹೊಳಪು ಬೇಡ. ಬಿಸಿಲಲ್ಲಿ ಮಾರ್ಕೆಟ್ ಮಾಡಿದವಳು ಅವಳು."

ಸುಮಿನಾ ಹೊಳಪು ತಗ್ಗಿಸಿ, ದೂರ ಬಂದು ಇಡೀ ಮುಖ ತೋರಿಸಿದಳು. ನಾನಾ ಅಜೇವಾ ಬಹಳ ಹೊತ್ತು ನೋಡಿದರು. "ನಾಳೆ ಹೇಳ್ತೀನಿ," ಎಂದಷ್ಟೇ ಹೇಳಿ, ಕೋಲು ಹುಡುಕಿ ಎದ್ದರು. ನಾಳೆಯವರೆಗೆ ನಾವು ಮೂವರೂ ಹೇಗೆ ತಡೆದುಕೊಂಡೆವೋ ದೇವರೇ ಬಲ್ಲ.

ಶನಿವಾರ ಇಡೀ ಟೆಚಿಮಾನ್ ಅಲ್ಲಿತ್ತು. ಮಾರುಕಟ್ಟೆ ಮುಚ್ಚಿತ್ತು, ಲಾರಿಗಳು ಕನ್ನಡಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಶಾಮಿಯಾನದ ಮುಂದೆ ಬ್ಯಾನರ್ ಏರಿಸಿದ್ದರು. ಆಳೆತ್ತರದ ನಾನಾ ಪೊಕುವಾ ಎಲ್ಲರನ್ನೂ ಗದರಿಸುವಂತೆ ನೋಡುತ್ತಿದ್ದರು, ಎಡಗೆನ್ನೆಯ ಮೇಲೆ ಗೆರೆ. ಸುಮಿನಾ ನನ್ನ ಪಕ್ಕ ನಿಂತು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಬಿದ್ದಿತ್ತು. ಅಂದೂ ಪೌಡರ್ ಹಚ್ಚಿರಲಿಲ್ಲ. ಮರೆತಳೋ, ಬೇಡವೆಂದಳೋ, ನಾನು ಕೇಳಲಿಲ್ಲ.

ಇಬ್ಬರು ಮೊಮ್ಮಕ್ಕಳು ನಾನಾ ಅಜೇವಾ ಅವರನ್ನು ನಡೆಸಿಕೊಂಡು ಬಂದರು. ಬ್ಯಾನರಿನ ಮುಂದೆ ಬಂದಾಗ ಅವರು ಮೊಮ್ಮಕ್ಕಳ ಕೈ ಬಿಡಿಸಿಕೊಂಡು, ಬಟ್ಟೆಯ ಮೇಲಿನ ಕೆನ್ನೆಗೆ ಅಂಗೈ ಇಟ್ಟರು.

"ಡೊಂಕೊ!" ಎಂದು ಕೂಗಿದರು. "ಏ ಡೊಂಕೊ! ನನ್ನ ಬಿಟ್ಟು ಹೋದ್ಯೇನೇ!"

ಅಷ್ಟು ಸಾಕಾಯಿತು. ಹೆಂಗಸರೆಲ್ಲ ಗೊಳೋ ಎಂದು ಅತ್ತರು. ನಾನೂ ಅತ್ತೆ, ಅರ್ಧ ಪೊಕುವಾ ಅವರಿಗಾಗಿ, ಅರ್ಧ ಸಮಾಧಾನಕ್ಕೆ. ಒಪಾನಿನ್ ಸಾಫೊ ಕಣ್ಣೊರೆಸಿಕೊಳ್ಳುತ್ತ ನಮ್ಮ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದರು. ಹಿಂದಿನಿಂದ ಮಾಸ್ಟರ್ ಬಂದು ಸುಮಿನಾಳ ಕಿವಿಯ ಹತ್ತಿರ ಬಗ್ಗಿ, "ಸೋಮವಾರ ಬೇಗ ಬಾ. ಕೆಲಸ ರಾಶಿ ಬಿದ್ದಿದೆ" ಎಂದು ಹೇಳಿ, ಅವಳ ಉತ್ತರಕ್ಕೂ ಕಾಯದೆ ಜನರ ನಡುವೆ ಹೋಗಿಬಿಟ್ಟ.

ಗೆರೆ ಯಾರದೆಂಬುದನ್ನು ನಾವು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ತಾಯಿಗೂ ಸುಮಿನಾ ಹೇಳಿರಲಿಲ್ಲ. ಮಾಮೆ ಫೊಸುವಾ ಕಪ್ಪು ಬಟ್ಟೆ ಹೊದ್ದು, ಓರಗೆಯ ಮುದುಕಿಯರ ಜೊತೆ ಸಾಲಿನಲ್ಲಿ ಬಂದಳು. ಎಲ್ಲರಂತೆ ಬ್ಯಾನರಿಗೆ ತಲೆಬಾಗಿ ಮುಂದೆ ಹೋಗಬೇಕಾದವಳು ಅಲ್ಲೇ ನಿಂತಳು. ಹಿಂದಿನವರು ತಳ್ಳಿದರೂ ಕದಲಲಿಲ್ಲ. ನಾವಿಬ್ಬರೂ ಓಡಿ ಹೋಗಿ ಅವಳನ್ನು ಪಕ್ಕಕ್ಕೆ ಕರೆದುಕೊಂಡೆವು.

"ಏನಾಯ್ತಮ್ಮಾ? ತಲೆ ಸುತ್ತಿತಾ?"

ಮುದುಕಿ ಮಗಳ ಕಡೆ ನೋಡಲಿಲ್ಲ. ಬ್ಯಾನರಿನ ಕೆನ್ನೆಯನ್ನೇ ನೋಡುತ್ತಿದ್ದಳು. "ಆ ಗೆರೆ ಜೋಂಗೋ ಕೇರಿ ಕ್ಷೌರದವನು ಹಾಕಿದ್ದು. ಕತ್ತಿ ಕೆಳಗೆ ಬರೋವಾಗ ಕೂಸು ಮುಖ ತಿರುಗಿಸ್ತು. ನಾನು ತಲೆ ಗಟ್ಟಿಯಾಗಿ ಹಿಡೀಲಿಲ್ಲ, ಕೈ ನಡುಗ್ತಿತ್ತು. ಅದಕ್ಕೇ ಕೊನೇಲಿ ಕೊಂಕಿದೆ. ಅದು ಪೊಕುವಾಳದ್ದಲ್ಲ."

ಸುಮಿನಾ ಒಮ್ಮೆ ಬ್ಯಾನರನ್ನು, ಒಮ್ಮೆ ತಾಯಿಯನ್ನು ನೋಡಿದಳು. "ನೋಡಿದ ಕೂಡ್ಲೇ ನಿನಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು? ಕಣ್ಣು ಬಿಟ್ಟ ತಕ್ಷಣ ದಿನಾ ಅದನ್ನ ಮುಟ್ಟಿ ನೋಡ್ತಿದ್ದೆ. ಬೆಚ್ಚಗಿದ್ಯಾ, ಇವತ್ತೂ ಇದ್ದೀಯಾ ಅಂತ. ನೀನು ನಡೆಯೋಕೆ ಕಲಿಯೋವರೆಗೂ ಮುಟ್ಟಿದ್ದೀನಿ."

ಸುಮಿನಾ ತಾಯಿಯ ಕೈ ಹಿಡಿದು ತನ್ನ ಎಡಗೆನ್ನೆಗೆ ಇಟ್ಟುಕೊಂಡಳು. ಮುದುಕಿಯ ಹೆಬ್ಬೆರಳು ತಾನೇ ದಾರಿ ಹುಡುಕಿಕೊಂಡು ಗೆರೆಯ ಮೇಲಿಂದ ಕೊಂಕಿನವರೆಗೆ ಹೋಯಿತು. ಸುತ್ತ ಜನ ಅಳುತ್ತಿದ್ದರು, ಡೋಲು ಬಾರಿಸುತ್ತಿದ್ದರು, ಅಮ್ಮ ಮಗಳ ಕಡೆ ಯಾರ ಗಮನವೂ ಇರಲಿಲ್ಲ.

"ಅಷ್ಟು ದೊಡ್ಡ ಮನುಷ್ಯರ ಮುಖದ ಮೇಲೆ ಚೆನ್ನಾಗಿ ಕಾಣತ್ತಲ್ವಾ ಅಮ್ಮಾ?" ಎಂದಳು ಸುಮಿನಾ, ಅಳುತ್ತಲೇ.

"ನಿನ್ನ ಮುಖದ ಮೇಲೂ ಚೆನ್ನಾಗೇ ಇತ್ತು ಕಣೇ," ಎಂದಳು ಮಾಮೆ ಫೊಸುವಾ. "ನೀನು ನನಗೆ ನೋಡೋಕೆ ಬಿಡ್ತಿರ್ಲಿಲ್ಲ ಅಷ್ಟೆ."